ಒಂದೇ ಗೆರೆ

ಪುಂತಾ ಅರೇನಾಸಿನಲ್ಲಿ ಗಾಳಿಗೆ ರಜೆಯಿಲ್ಲ.
ಜಲಸಂಧಿಯಿಂದೆದ್ದು ಬಂದು
ಆಸ್ಪತ್ರೆಯ ತಗಡಿನ ಅಂಚನ್ನು ರಾತ್ರಿಯಿಡೀ ಎತ್ತೆತ್ತಿ ಬಡಿಯುತ್ತದೆ,
ಒಳಗೇನೋ ಬಚ್ಚಿಟ್ಟಿದ್ದೀರಿ, ತೆಗೆಯಿರಿ ಎನ್ನುವ ಹಾಗೆ.

ಹತ್ತೊಂಬತ್ತು ಹಾಸಿಗೆಗೆ ನಾನು, ಮತ್ತೆ ನೆಲ್ಡಾ.
ಹನ್ನೊಂದು ಗಂಟೆಗೆ ಇನ್ಸುಲಿನ್:
ಆರನೆಯವರಿಗೆ ಹದಿನಾಲ್ಕು, ಏಳನೆಯವರಿಗೆ ನಾಲ್ಕು.
ಏಳರಲ್ಲಿ ಎಲೆಯುತೇರಿಯೊ ಬಾರ್ರಿಯಾ, ಎಂಬತ್ತೊಂದು,
ಆಯಸ್ಸೆಲ್ಲ ಕುರಿಯ ಉಣ್ಣೆ ಕತ್ತರಿಸಿದವರು.
ನನ್ನ ಕೈ ಇನ್ನೂ ಆರರಲ್ಲೇ ಉಳಿದಿತ್ತೇನೋ,
ಇಲ್ಲೂ ಹದಿನಾಲ್ಕೇ ಎಳೆಯಿತು.
ಹಾಳೆಯ ಮೇಲೆ ಮಾತ್ರ ವಿಧೇಯವಾಗಿ ಬರೆಯಿತು:
ನಾಲ್ಕು. ಸಹಿ, ಇರ್ಮಾ ಓಯರ್ಸೂನ್.

ಎರಡು ಜೋಡಿ ಕಣ್ಣು ನೋಡಬೇಕೆಂಬುದು ನಿಯಮ.
ಇನ್ನೊಂದು ಜೋಡಿ ಆಗ
ಹನ್ನೆರಡನೆಯವಳ ವಾಂತಿ ಒರೆಸುತ್ತಿತ್ತು.

ಒಂದೂ ಮುಕ್ಕಾಲಿಗೆ ಮುದುಕನ ಅಂಗಿ ಒದ್ದೆ.
ಮಾತು ತೊದಲು, ಬೆರಳು ತಣ್ಣಗೆ,
ಸಕ್ಕರೆ ಮೂವತ್ತೆಂಟು.
ನರಕ್ಕೆ ಗ್ಲೂಕೋಸ್ ಹರಿಸುತ್ತ, ಅವರ ಮುಖಕ್ಕೆ ಬಣ್ಣ ಮರಳುತ್ತ
ನನ್ನದರಿಂದ ಬಣ್ಣ ಇಳಿಯಿತು.
ಕೈಗೆ ಆಗ ನೆನಪಾಯಿತು, ತಾನು ಎಳೆದದ್ದು.

ಫೋನಿನ ಆ ತುದಿಯಲ್ಲಿ ಡಾಕ್ಟರರ ನಿದ್ದೆಗಣ್ಣಿನ ದನಿ:
ಎಷ್ಟು ಕೊಟ್ಟಿರಿ?
ಹಾಳೆಯಲ್ಲಿ ನಾಲ್ಕಿದೆ, ಎಂದೆ.
ಸುಳ್ಳಲ್ಲ.
ನಿಜದ ಬಟ್ಟೆ ತೊಟ್ಟು ಬಂದ ಇನ್ನೇನೋ.

ನೆಲ್ಡಾ ನನ್ನ ಭುಜ ಹಿಡಿದಳು. ಅವಳು ಕೆಟ್ಟವಳಲ್ಲ.
ಬದುಕಿದರಲ್ಲ, ಬಿಡೆ.
ನಾಲ್ಕು ಅಂತಲೇ ಇದೆ, ಹಾಗೇ ಇರಲಿ.
ಬಾಡಿಗೆ ಮನೆ ನಿನ್ನದು, ಎರಡು ಮಕ್ಕಳು,
ವಿಚಾರಣೆ ಅಂದರೆ ಏನು ಗೊತ್ತಾ?

ಗೊತ್ತು. ಅದಕ್ಕೇ ಎರಡೂವರೆಯವರೆಗೆ ಸುಮ್ಮನೆ ಕೂತಿದ್ದೆ,
ಆ ಪುಟ್ಟ ಅಂಕಿಯ ಎದುರು.
ಅದು ನನ್ನನ್ನು ಕಾಯುತ್ತಿತ್ತು, ಸಾಕಿದ ನಾಯಿಯ ಹಾಗೆ.
ಆದರೆ ಬೆಳಗಾದರೆ ಇದನ್ನೇ ನಂಬುತ್ತಾರೆ,
ನಾಲ್ಕಕ್ಕೇ ಕುಸಿದ ಮೈ ಎಂದು
ಬೇಕಾದ ಔಷಧಿಯನ್ನೂ ನಿಲ್ಲಿಸುತ್ತಾರೆ.
ನನ್ನ ಸುಳ್ಳನ್ನು ಅವರು ದಿನಾ ರಕ್ತದಲ್ಲಿ ಕಟ್ಟಬೇಕು.

ತಿದ್ದುವುದಕ್ಕೆ ಒಂದು ಕ್ರಮವಿದೆ.
ಉಜ್ಜಬಾರದು. ಬಿಳಿ ಬಳಿಯಬಾರದು.
ಒಂದೇ ಗೆರೆ ಎಳೆಯಬೇಕು,
ಕೆಳಗಿನ ತಪ್ಪು ಯಾರಿಗೂ ಓದಲು ಸಿಗುವಷ್ಟು ತೆಳ್ಳಗೆ.
ಪಕ್ಕದಲ್ಲಿ ಸರಿಯಾದದ್ದು, ವೇಳೆ, ಹೆಸರು.
ದಣಿದಿದ್ದೆ ಎನ್ನಲು, ಇಬ್ಬರೇ ಇದ್ದೆವು ಎನ್ನಲು
ಆ ಅಂಕಣದಲ್ಲಿ ಜಾಗವಿಲ್ಲ.
ಅದಕ್ಕೆ ಬೇರೆ ಕಾಗದವಿದೆ, ಅದನ್ನೂ ತುಂಬಿದೆ.
ಆಮೇಲೆ ಡಾಕ್ಟರರನ್ನು ಮತ್ತೆ ಎಬ್ಬಿಸಿದೆ.
ಗೆರೆ ಸ್ವಲ್ಪ ವಾಲಿದೆ. ವಾಲಿದರೂ ಅದು ನನ್ನದೇ.

ಏಳು ಗಂಟೆಗೆ ಕುರ್ಚಿ ಎಳೆದುಕೊಂಡು ಅವರ ಬಳಿ ಕೂತೆ.
ಹೇಳಿದೆ. ಹದಿನಾಲ್ಕು ಅಂದೆ.
ಓದು, ಏನು ಬರೆದಿದ್ದೀಯ, ಅಂದರು, ಕನ್ನಡಕ ಮನೇಲಿದೆ.
ಓದಿದೆ. ಹೊಡೆದು ಹಾಕಿದ್ದನ್ನೂ ಓದಿದೆ.

ಬಹಳ ಹೊತ್ತು ಅವರು ಗಾಳಿಯನ್ನೇ ಕೇಳುತ್ತಿದ್ದರು.
ಕೊಟ್ಟಿಗೆಯಲ್ಲಿ, ಅಂದರು ಕೊನೆಗೆ,
ಕತ್ತರಿ ಚರ್ಮಕ್ಕೆ ತಾಗಿದರೆ ಕೂಗಬೇಕಿತ್ತು: ವೈದ್ಯಾ!
ಡಾಂಬರಿನ ಡಬ್ಬಿ ಹಿಡಿದು ಒಬ್ಬ ಹುಡುಗ ಓಡಿ ಬರುತ್ತಿದ್ದ.
ಒಂಬತ್ತನೇ ವರ್ಷಕ್ಕೆ ಆ ವೈದ್ಯ ನಾನೇ.
ಕೂಗದವರೂ ಇದ್ದರು.
ವಾರ ಕಳೆದ ಮೇಲೆ ಅವರ ಕುರಿಯ ಸುದ್ದಿ
ವಾಸನೆಯೇ ಹೇಳುತ್ತಿತ್ತು.

ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ.
ಎದ್ದಾಗ ಕೇಳಿದರು: ಇವತ್ತೂ ಹನ್ನೊಂದಕ್ಕೆ ನೀನೇನಾ?
ಗೊತ್ತಿಲ್ಲ, ಬಿಡುತ್ತಾರೋ ಇಲ್ಲವೋ.
ಬಂದರೆ, ಅಂದರು, ತೋಳು ಹೊದಿಕೆಯೊಳಗೆ ಎಳೆದುಕೊಂಡು,
ಎಣಿಸುವಾಗ ಜೋರಾಗಿ ಎಣಿಸು.
ನನಗೂ ಕೇಳಲಿ.